ಶಾದಿಯೆಯ ಬಿಳಿ ಗಂಟು

ಮೊಮ್ಮಗಳ ಬಾಣಂತನಕ್ಕೆಂದು ಶಾದಿಯೆ ಬುರ್ಸಾಕ್ಕೆ ಹೊರಟ ಬೆಳಿಗ್ಗೆ ಪಕ್ಕದ ಮನೆಯ ಎಫ್ತಾಲಿಯಾಳಿಗೆ ಮನೆಯ ಬೀಗದಕೈಯನ್ನೂ, ಅರ್ಧ ಕಿವಿ ಹರಿದ ಬೆಕ್ಕನ್ನೂ, ಮಾಳಿಗೆಯ ಮೇಲೆ ಹಳೆಯ ದುಪ್ಪಟಿಯಲ್ಲಿ ಹರಡಿದ್ದ ತರ್ಹಾನಾವನ್ನೂ ಒಪ್ಪಿಸಿದಳು. ಮೊಸರು, ಕೆಂಪು ಮೆಣಸಿನಕಾಯಿ, ಹಿಟ್ಟು ಕಲಸಿ, ಹುಳಿ ಬರಿಸಿ, ಒಣಗಿಸಿ ಪುಡಿ ಮಾಡಿಟ್ಟರೆ ಚಳಿಗಾಲವಿಡೀ ಸಾರಿನ ಚಿಂತೆ ಇರುವುದಿಲ್ಲ. ಆದರೆ ಒಣಗುವ ತನಕ ಅದು ಕೈಗೂಸು. ಆಗಾಗ ಕೈಯಾಡಿಸುತ್ತಿರಬೇಕು, ಗುಬ್ಬಿಗಳನ್ನು ಅಟ್ಟಬೇಕು.

"ಮೋಡ ಕಂಡ್ರೆ ತಕ್ಷಣ ಒಳಗೆ ತಗೊಂಡ್ಹೋಗು. ಟೀವಿ ಮುಂದೆ ಕೂತು ಮರ್ತುಬಿಟ್ಟೀಯ ಮತ್ತೆ" ಎಂದಳು ಶಾದಿಯೆ.

"ಇಸ್ತಾಂಬುಲಲ್ಲಿ ಹುಟ್ಟಿ ಬೆಳೆದವಳಿಗೆ ತರ್ಹಾನಾ ಒಣಗ್ಸೋದು ಹೇಳ್ಕೊಡ್ತೀಯಾ?"

"ಇಸ್ತಾಂಬುಲಿನವರಿಗೆ ಅದು ಅಂಗಡೀಲಿ ಸಿಗತ್ತೆ. ನಿಮ್ಗೇನು ಗೊತ್ತು, ಮಣ್ಣು."

ಬಸ್ಸು ಬರುವ ಹೊತ್ತಾಗಿತ್ತು. ಶಾದಿಯೆಯ ಸೂಟ್‌ಕೇಸಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಸಣ್ಣ ಗಂಟೊಂದು ಇತ್ತು. ಎಫ್ತಾಲಿಯಾಳಿಗೆ ಅದರ ಗುರುತು ಹತ್ತದೆ ಇರುತ್ತದೆಯೇ.

"ಅಯ್ಯೋ ನಿನ್ನ! ಹೆರಿಗೆ ಮನೆಗೆ ಹೋಗೋರು ಹೆಣದ ಬಟ್ಟೆ ಹೊತ್ಕೊಂಡು ಹೋಗ್ತಾರೇನೇ?"

"ಸಾವು ಏನು ಫೋನ್ ಮಾಡಿ ಬರತ್ತಾ? ಅಲ್ಲಿ ಕಣ್ಮುಚ್ಚಿದ್ರೆ ನನ್ನ ಅಳಿಯ ಕಫನ್ ಹುಡ್ಕೊಂಡು ಅಂಗಡಿ ಅಂಗಡಿ ಅಲೀಬೇಕಾ? ನನ್ನದು ನನ್ನ ಕೈಲಿರ್ಲಿ."

"ಮಗು ಮುಖ ನೋಡೋ ಮೊದ್ಲು ಇದನ್ನ ಬಿಚ್ಚಿ ತೋರಿಸ್ಬೇಡ. ಹೆದರಿ ವಾಪಸ್ ಒಳಗೆ ಹೋದೀತು."

ಇಬ್ಬರೂ ನಕ್ಕರು. ನಿಜ ಹೇಳಬೇಕೆಂದರೆ ಎಫ್ತಾಲಿಯಾಳ ಗೇಲಿಗೆ ಅಷ್ಟೇನೂ ಹಕ್ಕಿರಲಿಲ್ಲ. ಶಾದಿಯೆಯ ಕಫನ್ ಮೆಕ್ಕಾದ ಜಂಜಂ ನೀರಿನಲ್ಲಿ ಅದ್ದಿ ಒಣಗಿಸಿದ್ದಾದರೆ, ಎಫ್ತಾಲಿಯಾಳದು ಜೆರೂಸಲೇಮಿಗೆ ಹೋದಾಗ ಜೋರ್ಡಾನ್ ನದಿಯಲ್ಲಿ ಅದ್ದಿ ತಂದದ್ದು. ಪ್ರತಿ ಬೇಸಿಗೆ ಅಥೆನ್ಸಿನ ಮಗನ ಮನೆಗೆ ಹೋಗುವಾಗ ಅವಳೂ ಅದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದಳು. ಸೊಸೆ ಅದನ್ನು ಮೇಜಿನ ಮೇಲೆ ಹಾಸುವ ಬಟ್ಟೆ ಎಂದುಕೊಂಡು ಒಮ್ಮೆ ಇಸ್ತ್ರಿ ಮಾಡಿಬಿಟ್ಟಿದ್ದಳು.

ಗ್ರೀಕರು ಕೊಮೊಟಿನಿ ಎನ್ನುವ, ತುರ್ಕರು ಗ್ಯುಮುಲ್ಜಿನೆ ಎನ್ನುವ ಆ ಊರಿನಲ್ಲಿ ಈ ಇಬ್ಬರಿಗೂ ನಡುವೆ ಒಂದೇ ಗೋಡೆ. ಗೋಡೆಯ ಈಚೆ ತುರ್ಕಿಯಿಂದ ಓಡಿಸಲ್ಪಟ್ಟ ಗ್ರೀಕ್ ಹೆಂಗಸು, ಆಚೆ ಗ್ರೀಸಿನಲ್ಲೇ ಹುಟ್ಟಿದ ತುರ್ಕಿ ಹೆಂಗಸು. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ, ಸೈಪ್ರಸ್ಸಿನ ಜಗಳದ ಸಿಟ್ಟನ್ನು ತುರ್ಕಿಯ ಸರಕಾರ ಇಸ್ತಾಂಬುಲಿನ ಗ್ರೀಕರ ಮೇಲೆ ತೀರಿಸಿಕೊಂಡಿತು. ಎಫ್ತಾಲಿಯಾಳ ಗಂಡ ದರ್ಜಿ. ಪೊಲೀಸರು ಅವನ ಮುಂದೆ ಒಂದು ಕಾಗದವಿಟ್ಟು, ನಾನಾಗಿಯೇ ಈ ದೇಶ ಬಿಟ್ಟು ಹೋಗುತ್ತಿದ್ದೇನೆ ಎಂದು ರುಜು ಹಾಕಿಸಿಕೊಂಡರು. ಒಂದು ಸೂಟ್‌ಕೇಸು, ಕಿಸೆಯಲ್ಲಿ ಚಿಲ್ಲರೆ ದುಡ್ಡು. ರೈಲು ಗಡಿ ದಾಟಿತು. ಇಲ್ಲಿ ಬಂದರೆ, ಕುಲಬಾಂಧವರೆಂದುಕೊಂಡವರು ಅವಳ ಗ್ರೀಕ್ ಮಾತಿನ ರಾಗ ಕೇಳಿ 'ತುರ್ಕರ ಬೀಜ' ಎಂದು ಹೆಸರಿಟ್ಟರು. ಬಂದ ಮೊದಲ ವಾರ ಗೋಡೆಯಾಚೆಯಿಂದ ತುರ್ಕಿಯಲ್ಲಿ "ನೆರೆಯವಳೇ, ಉಪ್ಪು ಇದೆಯಾ?" ಎಂದು ಕೇಳಿದವಳು ಶಾದಿಯೆ. ಎಫ್ತಾಲಿಯಾ ಉಪ್ಪಿನ ಡಬ್ಬಿ ಹಿಡಿದು ಹೋದವಳು ಅಲ್ಲೇ ಕೂತು ಸಂಜೆಯ ತನಕ ಅತ್ತಿದ್ದಳು. ಅವಳನ್ನು ಓಡಿಸಿದವರ ಭಾಷೆಯಲ್ಲೇ ಅವಳಿಗೆ ಸಮಾಧಾನ ಸಿಕ್ಕಿತು. ಅದಕ್ಕೆ ಯಾರೇನು ಮಾಡಲಾಗುತ್ತದೆ.

ಬಾಣಂತಿಯ ನಲವತ್ತು ದಿನ ಮುಗಿಸಿಕೊಂಡು ಶಾದಿಯೆ ಹೊರಟಿದ್ದಾಳೆಂದು ಬುರ್ಸಾದಿಂದ ಸುದ್ದಿ ಬಂತು. ಎಫ್ತಾಲಿಯಾ ಅವಳ ಮನೆಯ ಕಿಟಕಿ ತೆಗೆದಳು, ಒಲೆ ಹೊತ್ತಿಸಿದಳು, ಬೆಕ್ಕಿಗೆ ಸ್ನಾನ ಮಾಡಿಸಲು ಹೋಗಿ ಕೈ ಪರಚಿಸಿಕೊಂಡಳು. ಬಸ್ಸಿನ ಹೊತ್ತು ಮೀರಿತು. ಆಮೇಲೆ ಫೋನು ಹೊಡೆದುಕೊಂಡಿತು.

"ಎಫ್ತಾಲಿಯಾ, ಗಡಿ ಸೇತುವೆಯಿಂದ ವಾಪಸ್ ಕಳಿಸಿದ್ರು ಕಣೇ." ಶಾದಿಯೆಯ ದನಿ ಗಡಿಯಾಚೆಯ ಚಹದಂಗಡಿಯಿಂದ ಬರುತ್ತಿತ್ತು. ಹಿಂದೆ ಲಾರಿಗಳ ಸದ್ದು. "ನೀನು ಗ್ರೀಕ್ ಪ್ರಜೆ ಅಲ್ಲ ಅಂತಾರೆ. ಪಾಸ್‌ಪೋರ್ಟ್ ಕಿತ್ಕೊಂಡ್ರು. ಇಲ್ಲಿಯವರೂ ನಿನ್ನ ಕಾಗದ ಎಲ್ಲಿ ಅಂತಾರೆ. ನಾನು ಸೇತುವೆ ಮಧ್ಯೆ ನಿಂತಿದ್ದೆ. ಅಳಿಯ ಬಂದು ಕರ್ಕೊಂಡು ಹೋಗ್ತಾನಂತೆ."

"ಯಾಕಂತೆ? ಏನು ಮಾಡ್ದೆ ನೀನು?"

"ಏನೂ ಮಾಡ್ಲಿಲ್ಲ. ಮಗೂನ ಎತ್ಕೊಂಡಿದ್ದೆ ಅಷ್ಟೆ." ಅದೇ ಉಸಿರಿಗೆ ಅವಳು ಕೇಳಿದಳು: "ತರ್ಹಾನಾ ಒಣಗ್ತಾ?"

ಗ್ರೀಸಿನಲ್ಲಿ ಆಗ ಒಂದು ಕಾನೂನಿತ್ತು. ಗ್ರೀಕ್ ಮೂಲದವರಲ್ಲದ ಪ್ರಜೆ, ಮರಳಿ ಬರುವ ಇಚ್ಛೆಯಿಲ್ಲದೆ ದೇಶ ಬಿಟ್ಟು ಹೋದರೆ ಅವರ ಪೌರತ್ವ ರದ್ದು. ಇಚ್ಛೆ ಇದೆಯೋ ಇಲ್ಲವೋ ಎಂಬುದನ್ನು ಹೋದವರನ್ನು ಕೇಳಿ ತಿಳಿಯಬೇಕಾಗಿರಲಿಲ್ಲ. ಕಚೇರಿಯಲ್ಲಿ ಕೂತವರಿಗೇ ತಿಳಿಯುತ್ತಿತ್ತು. ಊರಿನ ತುರ್ಕರಲ್ಲಿ ಹೀಗೆ ಮದುವೆಗೆ, ಓದಿಗೆ, ಮಂಡಿಯ ಆಪರೇಷನ್ನಿಗೆ ಹೋಗಿ ಪ್ರಜೆಗಳಲ್ಲದೆ ಹೋದವರು ಬೀದಿಗೊಬ್ಬರು ಸಿಗುತ್ತಿದ್ದರು. ಎಫ್ತಾಲಿಯಾ ಅದನ್ನು ಕೇಳಿದ್ದಳು, 'ಪಾಪ' ಎಂದಿದ್ದಳು, ಒಲೆಯ ಮೇಲಿನ ಪಾತ್ರೆ ಕಲಕಿದ್ದಳು. ಗೋಡೆಯಾಚೆ ಬೆಕ್ಕು ಒಂದೇ ಸಮನೆ ಕೂಗತೊಡಗಿದಾಗ ಅವಳಿಗೆ ಅದು ತಾಗಿತು.

ಮರುದಿನ ಒಳ್ಳೆಯ ಕೋಟು ಹಾಕಿಕೊಂಡು ಅವಳು ಪೌರತ್ವದ ಕಚೇರಿಗೆ ಹೋದಳು. ಅಲ್ಲಿದ್ದ ಅಧಿಕಾರಿಯ ಹೆಸರು ಮಾನುಸೋಸ್. ಕ್ರೀಟ್ ದ್ವೀಪದವನು, ಈ ಊರಿಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಎದ್ದು ನಿಂತು ಕುರ್ಚಿ ಹಾಕಿದ. ದುಷ್ಟನಾಗಿದ್ದರೆ ಅವಳಿಗೆ ಬೈಯಲು ಸಲೀಸಾಗುತ್ತಿತ್ತು.

"ಇಚ್ಛೆ ಇರ್ಲಿಲ್ಲ ಅಂತ ಹೇಗಪ್ಪ ಹೇಳ್ತೀರಿ? ಬೀಗದಕೈ ನನ್ನ ಹತ್ರ ಕೊಟ್ಟು ಹೋಗಿದ್ದಾಳೆ. ಬೆಕ್ಕು ಇದೆ. ಮಾಳಿಗೆ ತುಂಬ ತರ್ಹಾನಾ ಹರವಿಟ್ಟಿದ್ಲು. ವಾಪಸ್ ಬರದವಳು ಚಳಿಗಾಲದ ಸಾರಿಗೆ ಪುಡಿ ಮಾಡ್ತಾಳೇನು?"

"ಅಜ್ಜಿ, ತರ್ಹಾನಾ ಅಂತ ಫೈಲಿನಲ್ಲಿ ಬರೆಯೋದಕ್ಕೆ ಆಗಲ್ಲ."

"ಮತ್ತೇನು ಬರ್ದಿದ್ದೀರಿ ಅದ್ರಲ್ಲಿ?"

ಅವನು ಹಿಂದೆ ಮುಂದೆ ನೋಡಿದ. ಆಮೇಲೆ ಫೈಲು ತೆರೆದು, ಶಾದಿಯೆ ಹೋಗುವಾಗ ಗಡಿಯಲ್ಲಿ ಬರೆದುಕೊಂಡಿದ್ದ ಸಾಲನ್ನು ಓದಿದ: ವೃದ್ಧೆ ತನ್ನ ಶವಸಂಸ್ಕಾರದ ಬಟ್ಟೆಯನ್ನು ಜೊತೆಯಲ್ಲಿ ಒಯ್ಯುತ್ತಿದ್ದಾಳೆ. ವಿಚಾರಿಸಿದಾಗ, ಸಾವು ಯಾವಾಗ ಬರುತ್ತದೋ ಗೊತ್ತಿಲ್ಲ ಎಂದಿದ್ದಾಳೆ.

"ನೀವೇ ಹೇಳಿ ಅಜ್ಜಿ. ಹೆಣದ ಬಟ್ಟೇನೂ ಜೊತೇಲಿ ತಗೊಂಡು ಹೋಗೋರು ಸಾಯೋದಕ್ಕೇ ಅಲ್ವೇ ಹೋಗೋದು? ತುರ್ಕಿಯಲ್ಲಿ ಮಣ್ಣಾಗ್ಬೇಕು ಅಂತ ಅವರ ಆಸೆ ಇರಬಹುದು."

ಶಾದಿಯೆ ಬಸ್ಸಿನ ಪಕ್ಕ ನಿಂತು ಗಡಿಯ ಕಾವಲುಗಾರನಿಗೆ ಹೇಗೆ ಹೇಳಿರುತ್ತಾಳೆಂಬುದು ಎಫ್ತಾಲಿಯಾಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹೆಮ್ಮೆಯಿಂದಲೇ ಹೇಳಿರುತ್ತಾಳೆ. 'ಇದು ನನ್ನ ಕಫನ್ ಮಗಾ, ಹಜ್ಜಿನಿಂದ ಬಂದದ್ದು' ಎಂದು ಗಂಟು ಬಿಚ್ಚಿ ತೋರಿಸಿರುತ್ತಾಳೆ. ಸುಳ್ಳು ಹೇಳಿ ಟವೆಲ್ಲು ಎಂದಿದ್ದರೆ ಇವತ್ತು ತನ್ನ ಒಲೆಯ ಮುಂದೆ ಕೂತಿರುತ್ತಿದ್ದಳು.

"ಅವಳ ಗಂಡ ಹಲೀಂ ಇಲ್ಲೇ ಮಲಗಿದ್ದಾನೆ, ಊರಾಚೆ. ಪಕ್ಕದಲ್ಲಿ ತನಗೆ ಜಾಗ ಇಟ್ಕೊಂಡು ವಾರವಾರ ಹೋಗಿ ಕಳೆ ಕೀಳ್ತಾಳೆ. ಅಲ್ಲಿ ಬಿಟ್ಟು ಬೇರೆ ಕಡೆ ಸಾಯಲ್ಲ ಅವಳು, ಬೇಕಾದ್ರೆ ಬರ್ಕೊಡ್ತೀನಿ."

"ಹಾಗಾದ್ರೆ ಬರ್ಕೊಡಿ" ಎಂದ ಮಾನುಸೋಸ್, ಮೆಲ್ಲಗೆ. "ಮೇಲ್ಮನವಿ ಅಥೆನ್ಸಿಗೆ ಹೋಗತ್ತೆ. ನಿಮ್ಮಂಥವರು, ಅಂದ್ರೆ ನಮ್ಮವರು, ಸಾಕ್ಷಿ ಹೇಳಿದ್ರೆ ತೂಕ ಬರತ್ತೆ. ಆದ್ರೆ ಯೋಚ್ನೆ ಮಾಡಿ. ಊರು ಸಣ್ಣದು."

ಊರು ಎಷ್ಟು ಸಣ್ಣದೆಂಬುದು ಅವಳು ಮನೆ ತಲುಪುವಷ್ಟರಲ್ಲೇ ಗೊತ್ತಾಯಿತು. ಸಂಜೆ ಮಗ ಅರಿಸ್ತೋಸ್ ಅಥೆನ್ಸಿನಿಂದ ಫೋನು ಮಾಡಿದ. ಅವನು ಯಾವುದೋ ಸಚಿವಾಲಯದಲ್ಲಿ ಗುಮಾಸ್ತ, ಬಡ್ತಿಯ ದಾರಿ ಕಾಯುತ್ತಿದ್ದ.

"ಅಮ್ಮಾ, ಇದೆಲ್ಲ ನಿನಗ್ಯಾಕೆ? ಸರಕಾರದ ವಿಷಯ. ಬಾಯಿ ಮುಚ್ಕೊಂಡು ಇರು."

ಎಫ್ತಾಲಿಯಾಳಿಗೆ ಟ್ರಾಮು ನೆನಪಾಯಿತು. ಇಸ್ತಾಂಬುಲಿನ ಟ್ರಾಮಿನಲ್ಲಿ, ಸಣ್ಣವಳಿದ್ದಾಗ, ಅವಳು ಗ್ರೀಕಿನಲ್ಲಿ ಏನೋ ಕೇಳಿದರೆ ಅವಳಮ್ಮ ಅಂಗೈಯಿಂದ ಅವಳ ಬಾಯಿ ಮುಚ್ಚುತ್ತಿದ್ದಳು. ಎದುರಿಗೆ ಕೂತವರು ದುರುಗುಟ್ಟಿ ನೋಡುತ್ತಿದ್ದರು. ಅಮ್ಮನ ಅಂಗೈಗೆ ಬೆಳ್ಳುಳ್ಳಿಯ ವಾಸನೆ ಇತ್ತು.

"ಅಲ್ಲಿ ನನ್ನಮ್ಮ ಬಾಯಿ ಮುಚ್ಚಿದ್ಲು, ಇಲ್ಲಿ ನೀನು. ನಾನು ಯಾವ ದೇಶದಲ್ಲಪ್ಪ ಬಾಯಿ ಬಿಡ್ಬೇಕು?"

"ಅವರು ನಮಗೆ ಮಾಡಿದ್ದು ಮರ್ತುಬಿಟ್ಯಾ? ಅಪ್ಪನಿಗೆ ಮಾಡಿದ್ದು?"

"ಮರ್ತಿಲ್ಲ. ಅದಕ್ಕೇ ಹೋಗ್ತಿದ್ದೀನಿ. ನಿಮ್ಮಪ್ಪನ ಕೈಲಿ ನಾನಾಗೇ ಹೋಗ್ತೀನಿ ಅಂತ ಬರೆಸ್ಕೊಂಡ್ರಲ್ಲ, ಅದೇ ಮಾತನ್ನ ಇವರು ಶಾದಿಯೆ ಹೆಸರಲ್ಲಿ ತಾವೇ ಬರ್ಕೊಂಡಿದ್ದಾರೆ. ಸುಳ್ಳಿಗೆ ಪಾಸ್‌ಪೋರ್ಟ್ ಬೇಡ ನೋಡು, ಎರಡೂ ಕಡೆ ಓಡಾಡತ್ತೆ."

ಮಗ ಫೋನು ಇಟ್ಟುಬಿಟ್ಟ. ಎಫ್ತಾಲಿಯಾ ಅತ್ತಳು. ಅವನ ಮೇಲೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಆಮೇಲೆ ಮೂಗು ಒರೆಸಿಕೊಂಡು ಪೆಟ್ಟಿಗೆ ತೆರೆದಳು.

ಬೆಳಿಗ್ಗೆ ಮಾನುಸೋಸನ ಮೇಜಿನ ಮೇಲೆ ಅವಳೊಂದು ಗಂಟು ಇಟ್ಟು ಬಿಚ್ಚಿದಳು. ಬಿಳಿ ಬಟ್ಟೆ. ಮೇಲೆ ಕ್ರಿಸ್ತನ ಚಿತ್ರದ ಅಚ್ಚು, ಒಂದು ಮೂಲೆಯಲ್ಲಿ ಸೊಸೆಯ ಇಸ್ತ್ರಿಪೆಟ್ಟಿಗೆ ಮಾಡಿದ ಕಂದು ಕಲೆ.

"ಇದೇನು ಗೊತ್ತಾ?"

ಅವನು ಮುಟ್ಟಲಿಲ್ಲ. "ಗೊತ್ತು. ನಮ್ಮಜ್ಜಿ ಹತ್ರಾನೂ ಇತ್ತು. ಕಪಾಟಿನ ಮೇಲಿನ ಹಲಗೆ. ನಾವು ಮುಟ್ಟಿದ್ರೆ ಹೊಡೀತಿದ್ಲು."

"ಪ್ರತಿ ವರ್ಷ ಇದನ್ನ ತಗೊಂಡು ಮಗನ ಮನೆಗೆ ಹೋಗ್ತೀನಿ. ಪ್ರತಿ ವರ್ಷ ಇದನ್ನ ತಗೊಂಡೇ ವಾಪಸ್ ಬರ್ತೀನಿ. ಮುದುಕಿಯರು ಹಿಂಗೇನೇ ಮಗಾ. ಮಳೆ ಬರತ್ತೆ ಅಂತ ಕೊಡೆ ಹಿಡ್ಕೊಂಡು ಹೋಗಲ್ವಾ? ಕೊಡೆ ಹಿಡ್ಕೊಂಡೋರೆಲ್ಲ ನೆನೆಯೋದಕ್ಕೇ ಹೋಗ್ತಾರಾ? ಬರ್ಕೋ ಇದನ್ನ, ನನ್ನ ಹೆಸರು ಹಾಕಿ ಬರ್ಕೋ."

ಮಾನುಸೋಸ್ ಬರೆದುಕೊಂಡ. ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡ, ಕೊಡೆಯ ಮಾತನ್ನೂ ಬಿಡಲಿಲ್ಲ. ತರ್ಹಾನಾದ ಬಗ್ಗೆಯೂ ಕೊನೆಯಲ್ಲಿ ಒಂದು ಸಾಲು ಸೇರಿಸಿದ. ಅವಳು ಏಳುವಾಗ ತಾನೇ ಬಟ್ಟೆ ಮಡಿಸಿಕೊಡಲು ಬಂದು, ಮಡಿಕೆ ತಪ್ಪಿಸಿ, ಬೈಸಿಕೊಂಡ.

ಆ ವಾರ ಊರಿನ ಗ್ರೀಕ್ ಪತ್ರಿಕೆಯಲ್ಲಿ 'ತುರ್ಕಿಗಾಗಿ ಕಣ್ಣೀರಿಡುವ ಅಜ್ಜಿ' ಎಂದು ಬಂತು. ತುರ್ಕರ ವಾರಪತ್ರಿಕೆಯಲ್ಲಿ ಅವಳ ಫೋಟೋ ಹಾಕಿ 'ನಮ್ಮ ಹೋರಾಟದ ವೀರಮಾತೆ' ಎಂದರು. ಅದರ ಸಂಪಾದಕ ತನ್ನ ಜನರನ್ನು 'ತುರ್ಕರು' ಎಂದು ಬರೆದದ್ದಕ್ಕೇ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಿದ್ದವನು. ಸರಕಾರದ ಲೆಕ್ಕದಲ್ಲಿ ಅವರು ಬರೀ ಮುಸ್ಲಿಮರು. ಎಫ್ತಾಲಿಯಾ ಎರಡೂ ಪತ್ರಿಕೆ ಕೊಂಡು, ಎರಡೂ ಓದಿ, ಎರಡರಲ್ಲೂ ಬೆಕ್ಕಿಗೆ ತಂದ ಮೀನಿನ ತಲೆಗಳನ್ನು ಸುತ್ತಿಟ್ಟಳು.

ನೋವು ಕೊಟ್ಟದ್ದು ಬೇರೆ. ಸತ್ತವರ ಹೆಸರಿನಲ್ಲಿ ಚರ್ಚಿಗೆ ಬೇಯಿಸಿದ ಗೋಧಿಯ ಕೋಲಿವಾ ಮಾಡಿಕೊಡುವುದು ಮೂವತ್ತು ವರ್ಷದಿಂದ ಅವಳ ಕೈಕೆಲಸ. ದಾಳಿಂಬೆ, ಬಾದಾಮಿ ಹಾಕಿ, ಮೇಲೆ ಸಕ್ಕರೆ ಹರವಿ, ಸತ್ತವರ ಹೆಸರಿನ ಮೊದಲಕ್ಷರವನ್ನು ಬೆಳ್ಳಿ ಮಿಠಾಯಿಯಲ್ಲಿ ಬಿಡಿಸುತ್ತಿದ್ದಳು. 'ತುರ್ಕರ ಬೀಜ'ದಿಂದ 'ನಮ್ಮ ಎಫ್ತಾಲಿಯಾ' ಆಗಲು ಅವಳಿಗೆ ಅಷ್ಟೊಂದು ಗೋಧಿ ಬೇಕಾಗಿತ್ತು. ಚರ್ಚಿನ ಮಹಿಳಾ ಸಂಘದ ಥಿಯೋಪಿಸ್ತಿ ಬಾಗಿಲಲ್ಲೇ ನಿಂತು ಹೇಳಿದಳು:

"ಈ ಶನಿವಾರ ನೀವು ಸುಧಾರಿಸ್ಕೊಳ್ಳಿ. ಬೇಕರಿಗೆ ಹೇಳಿದ್ದೀವಿ."

"ನನಗೇನೂ ಸುಸ್ತಾಗಿಲ್ಲ."

"ಜನ ಮಾತಾಡ್ತಾರೆ ಎಫ್ತಾಲಿಯಾ."

"ಸತ್ತವರೂ ಮಾತಾಡ್ತಾರಂತಾ? ಅವರಿಗೆ ತಾನೇ ಕೋಲಿವಾ."

ಥಿಯೋಪಿಸ್ತಿ ತಲೆ ತಗ್ಗಿಸಿಕೊಂಡು ಹೋದಳು. ನೆನೆಹಾಕಿದ್ದ ಗೋಧಿ ಹಾಗೇ ಉಳಿಯಿತು. ಎಫ್ತಾಲಿಯಾ ಅದನ್ನು ಬೇಯಿಸಿ, ಸಕ್ಕರೆ ಹರವಿ, ಹಲೀಮನ ಹೆಸರಿನ ಮೊದಲಕ್ಷರ ಬಿಡಿಸಿ ಒಬ್ಬಳೇ ಕೂತು ತಿಂದಳು. ಹಲೀಂ ಬದುಕಿದ್ದಾಗ ಅವಳ ಕೋಲಿವಾಕ್ಕಾಗಿ ಗೋಡೆಯಾಚೆ ಬಟ್ಟಲು ಹಿಡಿದು ನಿಲ್ಲುತ್ತಿದ್ದ ಮನುಷ್ಯ, ಧರ್ಮ ಗಿರ್ಮ ಕೇಳಿದವನಲ್ಲ.

ಡಿಸೆಂಬರಿನಲ್ಲಿ ಟೀವಿಯವರು ಯುರೋಪ್ ಒಕ್ಕೂಟದ ದೊಡ್ಡವರೆಲ್ಲ ಸೇರಿ ತುರ್ಕಿಯನ್ನು ಬಾಗಿಲಾಚೆಯೇ ನಿಲ್ಲಿಸಿದರೆಂದು ತೋರಿಸಿದರು. ಮೂಲೆಯ ಕಾಫಿ ಅಂಗಡಿಯಲ್ಲಿ ಗಂಡಸರು ಮೇಜು ಕುಟ್ಟಿ ಖುಷಿಪಟ್ಟರು. ಬುರ್ಸಾದಿಂದ ಶಾದಿಯೆ ಫೋನಿನಲ್ಲಿ ಹೇಳಿದಳು:

"ನನ್ನ ಅಳಿಯ ಎರಡು ದಿನದಿಂದ ಊಟ ಬಿಟ್ಟಿದ್ದಾನೆ. ಯುರೋಪು ನಮ್ಮನ್ನ ಸೇರಿಸ್ಕೊಳ್ಳಲ್ವಂತೆ ಅಂತ. ನಾನು ಹೇಳ್ದೆ, ಅಪ್ಪಾ, ನಾನು ಹುಟ್ಟಿದಾಗಿಂದ ಅಲ್ಲೇ ಇದ್ದೆ, ಒಂದು ಕೂಸು ನೋಡೋದಕ್ಕೆ ಹೊರಗೆ ಬಂದ್ರೆ ಬಾಗಿಲು ಹಾಕ್ಕೊಂಡ್ರು. ನೀನು ಊಟ ಮಾಡು ಅಂದೆ."

"ನಗಿಸ್ಬೇಡ ಕಣೇ."

"ನಗೋದಕ್ಕಲ್ಲ ಹೇಳಿದ್ದು."

ಜನವರಿಯಲ್ಲಿ ಆ ಕಾನೂನೇ ರದ್ದಾಯಿತೆಂದು ಸುದ್ದಿ ಬಂತು. ಅಥೆನ್ಸಿನ ಸಂಸತ್ತು ಅದನ್ನು ಕಿತ್ತುಹಾಕಿತ್ತು. ತುರ್ಕರ ಬೀದಿಯಲ್ಲಿ ಲೋಕಮ್ ಮಿಠಾಯಿ ಹಂಚಿದರು. ಎಫ್ತಾಲಿಯಾ ಒಂದು ಪೆಟ್ಟಿಗೆ ಸಿಹಿ ಹಿಡಿದು ಮಾನುಸೋಸನ ಕಚೇರಿಗೆ ಓಡಿದಳು. ಅವನ ಮುಖ ನೋಡಿದ ಮೇಲೆ ಪೆಟ್ಟಿಗೆಯ ದಾರ ಬಿಚ್ಚಲಿಲ್ಲ.

"ಇನ್ಮೇಲೆ ಯಾರದ್ದೂ ಕಿತ್ಕೊಳ್ಳಲ್ಲ ಅಜ್ಜಿ. ಆದ್ರೆ ಈಗಾಗ್ಲೇ ಕಿತ್ಕೊಂಡಿದ್ದನ್ನ ವಾಪಸ್ ಕೊಡೋ ಮಾತು ಅದ್ರಲ್ಲಿಲ್ಲ." ಅವನು ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದ. "ಮೇಲ್ಮನವಿಗೂ ಉತ್ತರ ಬಂದಿದೆ. ಆಗಲ್ಲ ಅಂದಿದ್ದಾರೆ. ಬಾಯಿಮಾತಿನ ಸಾಕ್ಷಿ ಸಾಲದಂತೆ. ಮರಳಿ ಬರೋ ಇಚ್ಛೆ ಇತ್ತು ಅನ್ನೋದಕ್ಕೆ ಸರಕಾರಿ ದಾಖಲೆ ಏನಾದ್ರೂ ಹೊಸದಾಗಿ ಸಿಕ್ಕಿದ್ರೆ ಮಾತ್ರ ಮತ್ತೆ ನೋಡ್ತಾರೆ."

"ಕದ್ದ ಮೇಲೆ ಕಳ್ಳತನ ಬಿಟ್ಟೆ ಅಂದ್ರೆ ಆಯ್ತಾ? ಕದ್ದದ್ದು ಯಾರ ಹತ್ರ ಇರ್ಬೇಕು?"

ಮಾನುಸೋಸ್ ಕಾಗದವನ್ನು ಮತ್ತೆ ಖಾನೆಯೊಳಗೆ ಇಟ್ಟ. ಸಿಹಿಯ ಪೆಟ್ಟಿಗೆಯನ್ನು ಮುಟ್ಟಲಿಲ್ಲ.

ಈಸ್ಟರ್ ಕಳೆಯಿತು. ಶಾದಿಯೆಯ ಫೋನು ಅಪರೂಪವಾಗತೊಡಗಿತು. ಮಾಡಿದರೂ ಬೆಕ್ಕನ್ನು ಕೇಳುವಳು, ಹವೆಯನ್ನು ಕೇಳುವಳು, ಯಾವಾಗ ಬರುತ್ತೇನೆಂಬ ಮಾತು ಎತ್ತುತ್ತಿರಲಿಲ್ಲ. ಒಂದು ದಿನ ಅವಳ ಮಗಳು ಗ್ಯುಲ್ಟೆನ್ ಫೋನು ತೆಗೆದುಕೊಂಡು, "ಚಿಕ್ಕಮ್ಮಾ, ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ಒಂದ್ಸಲ ಬಂದು ಹೋಗ್ತೀರಾ?" ಎಂದಳು.

ಇಸ್ತಾಂಬುಲಿನ ರೈಲು ಗಡಿ ದಾಟಿದ ದಿನ ಎಫ್ತಾಲಿಯಾ ಆ ನೆಲದ ಮೇಲೆ ಮತ್ತೆ ಕಾಲಿಡುವುದಿಲ್ಲವೆಂದು ಗಂಡನ ಕೈ ಹಿಡಿದು ಆಣೆ ಮಾಡಿದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಅವನ ಫೋಟೋದ ಮುಂದೆ ನಿಂತು, "ನಿಮಗೆ ಕೋಪ ಬಂದ್ರೆ ಬರ್ಲಿ" ಎಂದಳು. ಬೆಕ್ಕನ್ನು ಬೀದಿಯ ಕೊನೆಯ ಮನೆಗೆ ಒಪ್ಪಿಸಿ, ತರ್ಹಾನಾದ ಚೀಲ ಕಟ್ಟಿಕೊಂಡು, ತನ್ನ ಗಂಟನ್ನು ಎಂದಿನಂತೆ ತಳದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಸೇತುವೆಯಾಚೆ ತುರ್ಕಿ ಪೊಲೀಸಿನವನು ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ನೋಡಿ ಹುಬ್ಬೇರಿಸಿದ.

"ಇಸ್ತಾಂಬುಲಾ ಅಜ್ಜಿ? ಮತ್ತೆ ಇಷ್ಟು ವರ್ಷ ಎಲ್ಲಿದ್ರಿ?"

"ನಿಮ್ಮವರನ್ನೇ ಕೇಳಪ್ಪ, ಅವರಿಗೆ ಗೊತ್ತು."

ಅವನು ಸಣ್ಣ ವಯಸ್ಸಿನವನು, ಅರ್ಥವಾಗಲಿಲ್ಲ. ಸ್ವಾಗತ ಎಂದು ಮುದ್ರೆ ಒತ್ತಿದ. ಬಸ್ಸು ಹತ್ತಿದ ಮೇಲೂ ಎಫ್ತಾಲಿಯಾ ಆ ಮುದ್ರೆಯನ್ನು ಮತ್ತೆ ಮತ್ತೆ ತೆಗೆದು ನೋಡಿದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಬುರ್ಸಾದಲ್ಲಿ ಶಾದಿಯೆ ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದಳು. ಮೈ ಇಳಿದುಹೋಗಿತ್ತು. ಮರಿಮಗು ಅವಳ ತೊಡೆಯ ಮೇಲೆ ಉಗುಳು ಸುರಿಸುತ್ತಿತ್ತು. ಇಬ್ಬರೂ ತಬ್ಬಿಕೊಂಡು, ಮಗುವೂ ಹೆದರಿ ಅಳುವಷ್ಟು ಜೋರಾಗಿ ಅತ್ತರು. ಆಮೇಲೆ ಎಫ್ತಾಲಿಯಾ ತಾನೇ ಅಡುಗೆಮನೆಗೆ ಹೋಗಿ ತರ್ಹಾನಾದ ಸಾರು ಮಾಡಿ ತಂದಳು.

ಶಾದಿಯೆ ಒಂದು ಚಮಚ ಕುಡಿದು ಕಣ್ಣು ಮುಚ್ಚಿದಳು. "ಸ್ವಲ್ಪ ಮುಗ್ಗಲು ಹಿಡಿದಿದೆ. ಮೋಡ ಬಂದಾಗ ಟೀವಿ ನೋಡ್ತಿದ್ದೆ ಅಲ್ವಾ?"

"ಒಂದೇ ಒಂದು ದಿನ."

"ಗೊತ್ತಿತ್ತು." ಅವಳು ಬಟ್ಟಲು ಬರಿದು ಮಾಡಿದಳು. ಗ್ಯುಲ್ಟೆನ್ ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು.

ಕೆಲವು ದಿನ ಹಾಗೆ ಹೋದವು. ಸಂಜೆ ಹೊತ್ತು ಇಬ್ಬರೂ ಬಾಲ್ಕನಿಯಲ್ಲಿ ಕೂತು ಊರಿನ ಎಲ್ಲರನ್ನೂ ಒಬ್ಬೊಬ್ಬರಾಗಿ ಎಳೆದು ತಂದು ಆಡಿಕೊಂಡರು. ಥಿಯೋಪಿಸ್ತಿಯ ಬೇಕರಿ ಕೋಲಿವಾದಲ್ಲಿ ಕಲ್ಲು ಸಿಕ್ಕಿತೆಂದು ಕೇಳಿ ಶಾದಿಯೆ ಹೊಟ್ಟೆ ಹಿಡಿದು ನಕ್ಕಳು. ಎಫ್ತಾಲಿಯಾ ಹೊರಡುವ ಹಿಂದಿನ ಸಂಜೆ ಅವಳು ಒಳಗೆ ಹೋಗಿ ತನ್ನ ಬಿಳಿ ಗಂಟು ತಂದು ಗೆಳತಿಯ ತೊಡೆಯ ಮೇಲಿಟ್ಟಳು.

"ಇದನ್ನ ತಗೊಂಡ್ಹೋಗು."

"ಯಾಕೆ?"

"ಹಲೀಂ ಪಕ್ಕದ ಜಾಗದಲ್ಲಿ ಹೂಳಿಸ್ಬಿಡು. ಇಮಾಮ್ ಬೈದ್ರೆ ಬೈಯ್ಲಿ, ಸ್ವಲ್ಪ ಮಣ್ಣು ತೋಡೋದು ಅಷ್ಟೆ. ನಾನಂತೂ ಬರೋದಿಲ್ಲ. ಬಟ್ಟೆಯಾದ್ರೂ ಅವನ ಪಕ್ಕ ಇರ್ಲಿ. ಅದರ ಪೌರತ್ವ ಯಾರೂ ಕಿತ್ಕೊಂಡಿಲ್ವಲ್ಲ."

ಹೇಳುವಾಗ ಶಾದಿಯೆ ಅಳಲಿಲ್ಲ. ಅದನ್ನೇ ಎಫ್ತಾಲಿಯಾಳಿಗೆ ತಡೆಯಲಾಗಲಿಲ್ಲ. ಈ ಹೆಂಗಸು ಬದುಕಿರುವಾಗಲೇ ತನ್ನನ್ನು ತಾನು ಮಡಿಸಿ ಕೊಟ್ಟು ಕಳಿಸುತ್ತಿದ್ದಾಳೆ. ಸಿಟ್ಟಿನಲ್ಲಿ ಅವಳ ದನಿ ಏರಿತು.

"ಬಟ್ಟೆ ಹೂಳೋದಕ್ಕೆ ನಾನೇನು ಹುಚ್ಚೀನಾ? ನೀನೇ ಬಂದು ಮಲ್ಕೋ, ಆಗ ನೋಡೋಣ."

"ತಗೊಂಡು ಹೋಗ್ತೀಯೋ ಇಲ್ವೋ?"

"ತಗೊಂಡು ಹೋಗ್ತೀನಿ. ನಿನ್ನ ಪೆಟ್ಟಿಗೇಲಿ ಇಡ್ತೀನಿ. ಹೂಳಲ್ಲ."

ವಾಪಸು ಬರುವಾಗ ಬಸ್ಸು ಗ್ರೀಸಿನ ಕಡೆಯ ತಪಾಸಣೆಯಲ್ಲಿ ನಿಂತಿತು. ಎಲ್ಲರೂ ಇಳಿದು ಸಾಮಾನು ತೆರೆದು ನಿಂತರು. ಕಾವಲುಗಾರ ಒಬ್ಬ ದಪ್ಪ ಮೀಸೆಯವನು, ಬಿಸಿಲಿಗೆ ಬೇಸತ್ತಿದ್ದ. ಎಫ್ತಾಲಿಯಾಳ ಪೆಟ್ಟಿಗೆಯಲ್ಲಿ ಕೈಯಾಡಿಸಿ ಎರಡು ಬಿಳಿ ಗಂಟು ಎತ್ತಿದ.

"ಇದೇನಮ್ಮ? ಬಟ್ಟೆ ವ್ಯಾಪಾರವಾ?"

"ಹೆಣಕ್ಕೆ ಸುತ್ತೋದು. ಒಂದು ನಂದು, ಒಂದು ನನ್ನ ನೆರೆಯವಳದು. ಕೊಮೊಟಿನಿಯ ಶಾದಿಯೆ."

ಅವನು ಮುಟ್ಟಿದ ಕೈ ಹಿಂದಕ್ಕೆಳೆದುಕೊಂಡ. "ಸರಿ ಸರಿ, ಮುಚ್ಚಿ. ಹೋಗಿ."

ಎಫ್ತಾಲಿಯಾ ಪೆಟ್ಟಿಗೆ ಮುಚ್ಚಲು ಬಗ್ಗಿದವಳು ಹಾಗೇ ನಿಂತಳು. ಮಾನುಸೋಸ್ ಓದಿದ ಸಾಲು ಅವಳ ಕಿವಿಯಲ್ಲಿತ್ತು. ಅದನ್ನು ಬರೆದದ್ದು ಇದೇ ಜಾಗದಲ್ಲಿ, ಇಂಥದೇ ಮೇಜಿನ ಮೇಲೆ. ಸರಕಾರಿ ದಾಖಲೆ ಬೇಕು ಎಂದಿದ್ದರಲ್ಲ. ಅವಳು ಮೈ ನೆಟ್ಟಗೆ ಮಾಡಿಕೊಂಡಳು.

"ಬರ್ಕೊಳ್ಳಿ."

"ಏನು ಬರ್ಕೊಳ್ಳೋದು?"

"ಶಾದಿಯೆ ಕಫನ್ ವಾಪಸ್ ಬಂತು ಅಂತ."

"ಅದನ್ನೆಲ್ಲ ನಾವು ಬರ್ಕೊಳ್ಳಲ್ಲಮ್ಮ. ಹೋಗಿ, ಹಿಂದೆ ಜನ ಇದ್ದಾರೆ."

"ಹೋಗೋವಾಗ ಬರ್ಕೊಂಡ್ರಿ! ಹೋದ ವರ್ಷ ಅವಳು ಇದೇ ಬಟ್ಟೆ ಹಿಡ್ಕೊಂಡು ಇಲ್ಲಿಂದ ಹೋದಾಗ ನಿಮ್ಮವರು ಗಂಟು ಬಿಚ್ಚಿಸಿ, ಕೇಳಿ, ಬರ್ಕೊಂಡ್ರು. ಆ ಒಂದು ಸಾಲಿಗೆ ಅವಳ ಪೌರತ್ವ ಹೋಯ್ತು. ಹೋಗೋವಾಗ ಬರೆಯೋ ಪೆನ್ನಿಗೆ ಬರೋವಾಗ ಏನು ರೋಗ?"

ಸಾಲಿನಲ್ಲಿದ್ದವರು ಇತ್ತ ತಿರುಗಿದರು. ಯಾರೋ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಬಸ್ಸಿನ ಡ್ರೈವರು ಹಾರ್ನ್ ಒತ್ತಿದ.

"ಅಜ್ಜಿ, ನೋಡಿ, ಇದಕ್ಕೆ ಕಾಲಂ ಇಲ್ಲ."

"ಹೋಗಿದ್ದನ್ನ ಯಾವ ಕಾಲಮ್ಮಿನಲ್ಲಿ ಬರೆದ್ರೋ ಅದರಲ್ಲೇ ಬರೀರಿ. ಕಫನ್ ತಗೊಂಡು ಹೋಗೋದು ವಾಪಸ್ ಬರೋ ಇಚ್ಛೆ ಇಲ್ಲ ಅನ್ನೋದಕ್ಕೆ ಗುರುತು ಅಂದ್ರೆ, ವಾಪಸ್ ಕಳಿಸೋದು ಏನಕ್ಕೆ ಗುರುತು? ನೀವೇ ಹೇಳಿ. ತಪ್ಪಿದ್ರೆ ನಾನು ಈಗ್ಲೇ ಬಸ್ ಹತ್ತುತೀನಿ."

ಅವಳು ಮೇಜಿನ ಮೇಲೆ ಎರಡೂ ಗಂಟು ಇಟ್ಟು ಅವುಗಳ ಮೇಲೆ ಕೈ ಊರಿ ನಿಂತಳು. ಅಲ್ಲಿಂದ ಜರುಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮುದುಕ ತುರ್ಕಿಯಲ್ಲಿ, "ಬರ್ಕೊಳ್ಳಪ್ಪ, ನಿನ್ನ ಗಂಟೇನು ಹೋಗತ್ತೆ?" ಎಂದ. ಯಾರೋ ಹೆಂಗಸು ಅದೇ ಮಾತನ್ನು ಗ್ರೀಕಿನಲ್ಲಿ ಹೇಳಿದಳು.

ಮೀಸೆಯವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಬರೆಯತೊಡಗಿದ. ಬರೆದು, ಮುದ್ರೆ ಒತ್ತಿ, ನಕಲು ಹರಿದು ಅವಳ ಕೈಗೆ ಕೊಟ್ಟ.

"ಕನ್ನಡಕ ಒಳಗಿದೆ. ಓದಿ ಹೇಳಿ" ಎಂದಳು ಎಫ್ತಾಲಿಯಾ. ಕನ್ನಡಕ ಕೊರಳಲ್ಲೇ ನೇತಾಡುತ್ತಿತ್ತು.

ಅವನು ಅದನ್ನೊಮ್ಮೆ ನೋಡಿದ. ಎಲ್ಲರಿಗೂ ಕೇಳುವಂತೆ ಓದಿದ: "ಶವಸಂಸ್ಕಾರದ ಬಟ್ಟೆ, ಕೊಮೊಟಿನಿಯ ನಿವಾಸಿ ಶಾದಿಯೆಯದು. ಸ್ವಂತ ಮನೆಯಲ್ಲಿ ಇಡಲೆಂದು ಒಡತಿಯೇ ಕಳುಹಿಸಿದ್ದು. ದೇಶಕ್ಕೆ ಮರಳಿದೆ."

"ಒಡತಿ ಹಿಂದೆ ಬರ್ತಿದ್ದಾಳೆ ಅಂತ ಸೇರ್ಸಿ."

"ಅದನ್ನ ಬರೆಯೋ ಅಧಿಕಾರ ನನಗಿಲ್ಲ ಅಜ್ಜಿ."

"ಬರೀಬೇಡ ಹಾಗಾದ್ರೆ. ನೆನಪಿಟ್ಕೋ. ಬಂದ ದಿನ ಸೇತುವೆ ಮೇಲೆ ನಿಲ್ಲಿಸ್ಬೇಡ, ಅವಳಿಗೆ ಮಂಡಿ ನೋವು."

ಅವನು ತಾನೇ ಪೆಟ್ಟಿಗೆ ಎತ್ತಿ ಬಸ್ಸಿಗೆ ಏರಿಸಿದ. ಗಂಟುಗಳನ್ನು ಮಾತ್ರ ಎಫ್ತಾಲಿಯಾ ಕೊಡಲಿಲ್ಲ. ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, ಕಾಗದವನ್ನು ರವಿಕೆಯೊಳಗೆ ಸೇರಿಸಿ, ನಾಳೆ ಕಚೇರಿ ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಪಕ್ಕದವರನ್ನು ಕೇಳಿದಳು.